ರಾಯಭಾರಿ ಊರಿಗೆ ಬಂದಾಗ
ಪ್ರಶ್ನೆ: ವಿದೇಶಿ ರಾಯಭಾರಿಗಳು ರಾಜಧಾನಿ ಬಿಟ್ಟು ಸಣ್ಣ ಊರುಗಳ ಸಭೆಗಳಲ್ಲಿ ಜಾಗತಿಕ ವಿದ್ಯಮಾನಗಳನ್ನು ಚರ್ಚಿಸುವುದೇಕೆ? ಅದಕ್ಕೆ ಅವರಿಗೆ ಅಧಿಕಾರವಿದೆಯೇ?

ಉತ್ತರ: ಇದೆ. ಸ್ನೇಹಸಂಬಂಧ ಬೆಳೆಸುವುದನ್ನೂ, ಆತಿಥೇಯ ದೇಶದ ಸ್ಥಿತಿಗತಿಗಳನ್ನು ಕಾನೂನುಬದ್ಧ ಮಾರ್ಗದಿಂದ ತಿಳಿದು ತಮ್ಮ ಸರ್ಕಾರಕ್ಕೆ ವರದಿ ಮಾಡುವುದನ್ನೂ ದೇಶಗಳ ನಡುವಿನ ರಾಜತಾಂತ್ರಿಕ ಸಂಬಂಧಗಳ ಕುರಿತ 1961ರ ವಿಯೆನ್ನಾ ಒಡಂಬಡಿಕೆಯ 3ನೇ ವಿಧಿಯು ರಾಯಭಾರ ಕಚೇರಿಯ ಕೆಲಸವೆಂದೇ ಹೇಳುತ್ತದೆ. ಆದರೆ 41ನೇ ವಿಧಿಯಂತೆ ಆಂತರಿಕ ವ್ಯವಹಾರಗಳಲ್ಲಿ ತಲೆಹಾಕುವಂತಿಲ್ಲ. ಹಾಗಾಗಿಯೇ, ಸಭಿಕರೊಬ್ಬರು ಎದ್ದು ‘ನಮ್ಮ ಚುನಾವಣೆಯಲ್ಲಿ ಯಾರು ಗೆದ್ದರೆ ನಿಮಗೆ ಅನುಕೂಲ?’ ಎಂದು ಕೇಳಿದರೆ, ಅದುವರೆಗೆ ಹವಾಮಾನ ಬದಲಾವಣೆಯ ಬಗ್ಗೆ ನಿರರ್ಗಳವಾಗಿ ಮಾತನಾಡುತ್ತಿದ್ದ ರಾಯಭಾರಿ ಮುಗುಳ್ನಕ್ಕು ಮಾತು ತೇಲಿಸಿಬಿಡುತ್ತಾರೆ. ನಾಲಿಗೆ ಜಾರಿದರೆ, 9ನೇ ವಿಧಿಯಡಿ ಆತಿಥೇಯ ಸರ್ಕಾರವು ಕಾರಣವನ್ನೂ ಹೇಳದೆ ಅವರನ್ನು ಅನಪೇಕ್ಷಿತ ವ್ಯಕ್ತಿಯೆಂದು ಘೋಷಿಸಬಹುದು; ಅಂದರೆ ಅವರು ದೇಶ ಬಿಟ್ಟು ಹೋಗಬೇಕಾಗುತ್ತದೆ. ನನ್ನ ಮಟ್ಟಿಗೆ ಭಾಷಣಕ್ಕಿಂತ ಪ್ರಶ್ನೋತ್ತರದ ಹೊತ್ತೇ ಮುಖ್ಯ. ಜೊತೆಗೆ ಬಂದ ಅಧಿಕಾರಿ ಟಿಪ್ಪಣಿ ಪುಸ್ತಕ ತೆರೆಯುವುದೂ ಆಗಲೇ.