ಸೋದರಮಾವನ ನಡಿಗೆಗೆ ಏಳು ಪದಗಳು

ಪ್ರಿಯ ಲೇಖಕರಿಗೆ ನಮಸ್ಕಾರ.

ನೀವು ಕಳುಹಿಸಿದ ‘ಮಾವನ ತೇರು’ ಕತೆಯನ್ನು ಎರಡು ಸಲ ಓದಿದೆ. ರಸ್ತೆ ಗುತ್ತಿಗೆಯಲ್ಲಿ ನಾಲ್ಕು ಕಾಸು ಕಂಡ ಸೋದರಮಾವ ತೇರಿನ ದಿನ ಹಾಸನದ ಕಡೆಯ ತನ್ನ ಹಳ್ಳಿಗೆ ಬಂದಿಳಿಯುವುದು, ಹನ್ನೆರಡು ವರ್ಷದ ಸೋದರಳಿಯ ಅವರ ಬೆನ್ನ ಹಿಂದೆಯೇ ನಡೆಯುವುದು, ಕೊನೆಗೆ ತೇರುಬೀದಿಯಲ್ಲಿ ಸಾಲ ಕೊಟ್ಟ ಸಾಹುಕಾರ ಎದುರಾಗುವುದು, ಇಷ್ಟರಲ್ಲಿ ಒಂದು ಒಳ್ಳೆಯ ಕತೆಗೆ ಬೇಕಾದದ್ದೆಲ್ಲ ಇದೆ. ಆದರೆ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ತೊಡಕು ಇರುವುದು ಮುಖ್ಯವಾಗಿ ನಿಮ್ಮ ಮೊದಲ ವಾಕ್ಯದಲ್ಲಿ: “ಠೀವಿಯಿಂದ, ಗತ್ತಿನಿಂದ, ದಾಪುಗಾಲು ಹಾಕುತ್ತ, ಗಜಗಾಂಭೀರ್ಯದಿಂದ, ತಮ್ಮ ಡೌಲನ್ನೂ ಹಮ್ಮುಬಿಮ್ಮನ್ನೂ ಊರಿಗೆಲ್ಲ ತೋರುತ್ತ ಮಾವ ಬಡಾಯಿಯಿಂದ ನಡೆದು ಬಂದರು.”

ಒಂದು ನಡಿಗೆಗೆ ಏಳು ಪದಗಳಾದವು. ಇವೆಲ್ಲ ಒಂದೇ ಅರ್ಥದವು, ಹೆಚ್ಚು ಸೇರಿಸಿದಷ್ಟೂ ಚಿತ್ರಕ್ಕೆ ಬಣ್ಣ ಏರುತ್ತದೆ ಎಂದು ನೀವು ನಂಬಿದಂತಿದೆ. ಅವು ಒಂದೇ ಅರ್ಥದವಲ್ಲ. ಕೆಲವು ಒಂದನ್ನೊಂದು ಹೊಡೆದುಹಾಕುತ್ತವೆ. ದಾಪುಗಾಲು ಅವಸರದವನ ಹೆಜ್ಜೆ. ಬಸ್ಸು ಹೊರಟುಬಿಟ್ಟೀತು ಎಂಬ ಆತಂಕದಲ್ಲಿರುವವನೂ ದಾಪುಗಾಲು ಹಾಕುತ್ತಾನೆ. ಗಜಗಾಂಭೀರ್ಯ ಅದಕ್ಕೆ ನೇರ ವಿರುದ್ಧ. ಮೈಸೂರಿನ ಜಂಬೂ ಸವಾರಿಯಲ್ಲಿ 750 ಕಿಲೋ ತೂಕದ ಅಂಬಾರಿಯನ್ನು ಹೊತ್ತ ಆನೆ ಅರಮನೆಯಿಂದ ಬನ್ನಿಮಂಟಪದವರೆಗೆ ಹೇಗೆ ನಡೆಯುತ್ತದೆ ಎಂಬುದನ್ನು ನೆನಪಿಸಿಕೊಳ್ಳಿ. ಆ ನಿಧಾನದಲ್ಲಿ ಹೊರೆಯ ಪಾಲೂ ಇದೆ, ಮತ್ತು ನೋಡುವವರಲ್ಲಿ ಒಬ್ಬರೂ ಅದನ್ನು ಜಂಭ ಎನ್ನುವುದಿಲ್ಲ. ನಿಮ್ಮ ಮಾವ ಏಕಕಾಲಕ್ಕೆ ದಾಪುಗಾಲನ್ನೂ ಹಾಕಿ ಆನೆಯಂತೆಯೂ ನಡೆದರೆ ಓದುಗನ ಕಣ್ಣಿಗೆ ಯಾವ ನಡಿಗೆಯೂ ಬೀಳುವುದಿಲ್ಲ. (ನನ್ನ ಮೊದಲ ಕತೆಯ ನಾಯಕ ‘ಮದಗಜದಂತೆ ಗಂಭೀರವಾಗಿ’ ನಡೆದಿದ್ದ. ಮದವೇರಿದ ಆನೆಯನ್ನು ಮೆರವಣಿಗೆಯಿಂದ ದೂರವಿಡುತ್ತಾರೆ ಎಂಬುದು ನನಗೆ ಆಗ ಹೊಳೆದಿರಲಿಲ್ಲ.)

ಬಡಾಯಿಯಿಂದ ನಡೆಯುವುದೂ ಆಗದ ಮಾತು. ಬಡಾಯಿಯನ್ನು ಕೊಚ್ಚುತ್ತಾರೆ, ಅದು ನಾಲಿಗೆಯ ಕೆಲಸ. ಠೀವಿ ಮೈಗೆ ಸೇರಿದ್ದು. ನಿಲುವಿನಲ್ಲಿ, ಕೂರುವ ರೀತಿಯಲ್ಲಿ, ಹೆಜ್ಜೆಯಲ್ಲಿ ಇರುತ್ತದೆ, ಮಾತಾಡದವನಿಗೂ ಇರಬಹುದು. ಜಂಭ ಮಾತ್ರ ಎರಡೂ ಕಡೆ ಸಲ್ಲುತ್ತದೆ. ಇನ್ನು ‘ಹಮ್ಮುಬಿಮ್ಮು’ ಎಂಬ ಜೋಡಿಯನ್ನು ನಾವು ಬಹುಮಟ್ಟಿಗೆ ‘ಇಲ್ಲ’ ಎನ್ನುವುದಕ್ಕೇ ಬಳಸುತ್ತೇವೆ: ಹಮ್ಮುಬಿಮ್ಮಿಲ್ಲದ ಮನುಷ್ಯ ಎಂದು ಸನ್ಮಾನ ಸಮಾರಂಭಗಳಲ್ಲಿ, ಶ್ರದ್ಧಾಂಜಲಿಗಳಲ್ಲಿ ಕೇಳಿ ಕೇಳಿ ಕಿವಿ ಒಗ್ಗಿಹೋಗಿರುವುದರಿಂದ, ಅದನ್ನು ಇದೆ ಎಂದು ಬರೆದಾಗ ವಾಕ್ಯ ಎಡವುತ್ತದೆ.

ಇದಕ್ಕಿಂತ ದೊಡ್ಡ ವಿಷಯ ನೋಡುವವನದು. ನಡೆಯುವವನ ಕಾಲಿಗಿಂತ ಹೆಚ್ಚಾಗಿ ನೋಡುವವನ ಮನಸ್ಸನ್ನು ಹೇಳುವ ಪದಗಳು ಇವು. ಠೀವಿ, ಗತ್ತು ಎನ್ನುವವನಿಗೆ ಒಳಗೊಳಗೇ ಮೆಚ್ಚುಗೆಯಿದೆ. ಡೌಲು ಎನ್ನುವವನು ಒಳಗೆ ಟೊಳ್ಳು ಎಂದು ಆಗಲೇ ತೀರ್ಮಾನಿಸಿದ್ದಾನೆ. ಕೊಬ್ಬು ಎನ್ನುವವನಿಗೆ ಹೊಟ್ಟೆಯುರಿ, ಸೊಕ್ಕು ಎನ್ನುವವನು ಇದು ಇಳಿಯುವ ದಿನಕ್ಕಾಗಿ ಕಾಯುತ್ತಿದ್ದಾನೆ. ದೌಲತ್ತು, ದರ್ಬಾರು ಎಂಬವು ಅರಬ್ಬಿ ಪಾರಸಿಗಳಿಂದ ಸಿರಿಯ ಮತ್ತು ಅಧಿಕಾರದ ಮಾತಾಗಿ ಬಂದವು. ನಮ್ಮ ಹಳ್ಳಿಯ ಜಗಲಿಯನ್ನು ತಲುಪುವಷ್ಟರಲ್ಲಿ “ಇವನದೇನು ದರ್ಬಾರು” ಎಂಬ ವ್ಯಂಗ್ಯವಾದವು. ಹೀಗಿರುವಾಗ ನಿಮ್ಮ ಮೊದಲ ವಾಕ್ಯದಲ್ಲಿ ನೋಡುತ್ತಿರುವವರು ಯಾರು? ಮಾವನನ್ನು ದೇವರೆಂದು ತಿಳಿದ ಹುಡುಗನ ಬಾಯಲ್ಲಿ ಡೌಲು ಎಂಬ ಮಾತು ಬರಲಾರದು, ಸಾಹುಕಾರನ ಬಾಯಲ್ಲಿ ಠೀವಿ ಬರಲಾರದು. ಕತೆಯ ಆರಂಭದಲ್ಲಿ ಹುಡುಗನ ಗತ್ತು ಕೊನೆಯಲ್ಲಿ ಸಾಹುಕಾರನ ಡೌಲಾಗಿ ಬದಲಾಗಿದ್ದರೆ, ಮಾವನ ನಡಿಗೆ ಇಷ್ಟೂ ಬದಲಾಗದೆ ಕತೆ ತಾನಾಗಿ ನಡೆದುಬಿಡುತ್ತಿತ್ತು. ಎಲ್ಲವನ್ನೂ ಮೊದಲ ಸಾಲಿನಲ್ಲೇ ಸುರಿದು ಆ ದಾರಿಯನ್ನು ನೀವೇ ಮುಚ್ಚಿಕೊಂಡಿದ್ದೀರಿ.

ಹುಡುಗನ ತಾಯಿ “ಅಣ್ಣನ ರುಬಾಬು ನೋಡು” ಎನ್ನುತ್ತಾರೆ. ಆ ಮಾತು ಚೆನ್ನಾಗಿದೆ, ಆದರೆ ಅದರ ನೆಲೆ ಧಾರವಾಡ, ಬೆಳಗಾವಿಯ ಕಡೆ. ಮರಾಠಿಯವರೂ ಅದನ್ನು ಆಡುತ್ತಾರೆ. ಹಾಸನದ ಕಡೆಯ ತಂಗಿಯೊಬ್ಬಳು ಧಿಮಾಕು ಎಂದಾಳು, ಜಂಭದ ಕೋಳಿ ಎಂದಾಳು.

ಕೊನೆಯ ಪುಟದಲ್ಲಿ ಮಾವನನ್ನು ಉತ್ತರಕುಮಾರನಿಗೆ ಹೋಲಿಸಿದ್ದೀರಿ. ಈ ಹೋಲಿಕೆ ಕೂಡುವುದಿಲ್ಲ. ಉತ್ತರ ಹೆಂಗಸರ ನಡುವೆ ಪೌರುಷ ಮೆರೆದು, ಕೌರವ ಸೇನೆಯನ್ನು ಕಂಡೊಡನೆ ರಥದಿಂದಿಳಿದು ಓಡಿದವನು; ನಿಮ್ಮ ಮಾವನಾದರೋ ರಸ್ತೆಯನ್ನು ನಿಜವಾಗಿಯೂ ಮಾಡಿಸಿದ್ದಾರೆ, ಸಾಲ ತೀರಿಸಿಲ್ಲ ಅಷ್ಟೆ. ಉತ್ತರನಿಂದ ನೀವು ಪಡೆಯಬೇಕಾದದ್ದು ಬೇರೆ ಇದೆ. ಕುಮಾರವ್ಯಾಸ ಅವನ ಬಡಾಯಿಯನ್ನು ಅವನ ಬಾಯಿಂದಲೇ ಆಡಿಸುತ್ತಾನೆ: ನಾನು ಯಾರೊಡನೆ ಕಾದಲಿ, ಆ ಕಡೆ ಕೆಲವರು ಹಾರುವರು, ಕೆಲವರು ಯಮನೂರಿನ ನೆರೆಯವರು ಎಂದು ಅವನು ದ್ರೋಣನನ್ನೂ ಭೀಷ್ಮನನ್ನೂ ಒಂದೇ ಉಸಿರಿನಲ್ಲಿ ತಳ್ಳಿಹಾಕುವಾಗ, ಇವನು ಬಡಾಯಿಗಾರ ಎಂದು ಕವಿ ಪಕ್ಕದಲ್ಲಿ ನಿಂತು ಹೇಳಬೇಕಾಗಿಯೇ ಇಲ್ಲ. ನಿಮ್ಮ ಮಾವ ಇಡೀ ಕತೆಯಲ್ಲಿ ಒಂದು ಸಲವೂ ತನ್ನ ರಸ್ತೆಯ ಬಗ್ಗೆ ಬಾಯಿ ತೆರೆಯುವುದಿಲ್ಲ. ಎಷ್ಟು ಲಾರಿ ಜಲ್ಲಿ ಸುರಿಸಿದೆ, ಯಾವ ಇಂಜಿನಿಯರನ್ನು ಹೇಗೆ ಬಗ್ಗಿಸಿದೆ ಎಂದು ಅವರಿಂದ ಹೇಳಿಸಿ.

‘ಮೆರೆ’ ಎಂಬ ಧಾತುವನ್ನೂ ನೀವು ಕೈಬಿಟ್ಟಿರುವುದು ನನಗೆ ಸೋಜಿಗ. ಮೆರವಣಿಗೆ ಹುಟ್ಟಿದ್ದು ಅದರಿಂದಲೇ. ತೇರಿನ ಮೇಲೆ ದೇವರು ಮೆರೆದರೆ ಊರು ಕೈಮುಗಿಯುತ್ತದೆ, ಅದೇ ಬೀದಿಯಲ್ಲಿ ಮನುಷ್ಯ ಮೆರೆದರೆ ಊರು ಮೂಗು ಮುರಿಯುತ್ತದೆ. ನಿಮ್ಮ ಕತೆಯ ಶೀರ್ಷಿಕೆ ಎರಡನ್ನೂ ಹಿಡಿದಿದ್ದರೂ ಒಳಗೆ ಆ ಪದ ಬರುವುದು ಕಟ್ಟಕಡೆಗೆ, “ಮೆರೆದವರೆಲ್ಲ ಮಣ್ಣುಪಾಲು” ಎಂಬ ಉಪದೇಶದ ಸಾಲಿನಲ್ಲಿ. ಆ ಸಾಲನ್ನು ತೆಗೆದುಹಾಕಿ.

ಮೂರನೆಯ ಪುಟದಲ್ಲಿ ಒಂದು ಕಡೆ ಮಾತ್ರ ನಾನು ನಿಮ್ಮ ಮಾವನನ್ನು ಕಂಡೆ. ಹೊಸ ಚಪ್ಪಲಿ ಕಿರ್ರೆನ್ನುವ ಸದ್ದಿಗೆ ಸರಿಯಾಗಿ ಹುಡುಗ ತಾನೂ ಹೆಜ್ಜೆ ಹಾಕುತ್ತ, ಧೂಳಿನಲ್ಲಿ ಮೂಡಿದ ಅವರ ಗುರುತಿನೊಳಗೆ ತನ್ನ ಬರಿಗಾಲನ್ನಿಟ್ಟು ಅಳೆಯುತ್ತಾನೆ. ಅಲ್ಲಿ ಠೀವಿಯೂ ಇಲ್ಲ, ಗತ್ತೂ ಇಲ್ಲ, ಎರಡೂ ನನಗೆ ಕಂಡವು. ಕತೆ ಅಲ್ಲಿಂದಲೇ ಶುರುವಾಗಲಿ, ಹಿಂದಿನ ಎರಡು ಪುಟಗಳನ್ನು ಬಿಟ್ಟುಬಿಡಿ. ತಿದ್ದಿ ಕಳುಹಿಸಿದರೆ ಖಂಡಿತ ಮತ್ತೆ ಓದುತ್ತೇನೆ. ಸಾಹುಕಾರ ಎದುರಾದ ಮೇಲೆ ಆ ಚಪ್ಪಲಿಯ ಸದ್ದು ಏನಾಯಿತು ಎಂಬುದನ್ನು ನೀವು ಬರೆದಿಲ್ಲ. ಹುಡುಗನಿಗೆ ಅದು ಕೇಳಿಸಿರಲೇಬೇಕು.

ಇಂತಿ,
ಸಂಪಾದಕ