ಮದುವೆಗೆ ಅಡ್ಡಿಯೇ ಇಲ್ಲದ ಪ್ರೇಮಕಥೆ

ಹಾಸನದ ಓದುಗರೊಬ್ಬರ ಪತ್ರದ ಸಾರ: "1816ರ ಲಂಡನ್ನಿನಲ್ಲಿ ನಡೆಯುವ ಇಂಗ್ಲಿಷ್ ಪ್ರೇಮಕಾದಂಬರಿಯೊಂದನ್ನು ಆಸೆಪಟ್ಟು ತರಿಸಿಕೊಂಡೆ. ಹದಿನೆಂಟರ ನಾಯಕಿ ಅಪ್ಪ ಬೇಡವೆಂದ ಮರುದಿನವೇ ಲಂಡನ್ನಿನ ಚರ್ಚಿನಲ್ಲಿ ಡ್ಯೂಕನ ಕೈ ಹಿಡಿಯುತ್ತಾಳೆ. ಜಗಳವಾದಾಗ ಡೈವೋರ್ಸ್ ಕೊಡುತ್ತೇನೆ ಎನ್ನುತ್ತಾಳೆ. ಡ್ಯೂಕನಿಗೆ ಹಣ ಎಲ್ಲಿಂದ ಬಂತೆಂಬುದು ಒಂದು ಸಾಲಿನಲ್ಲೂ ಇಲ್ಲ. ಕೊನೆಗೆ ಸುಖಾಂತ. ನನಗೆ ಮೋಸಹೋದಂತಾಯಿತು. 'ಪ್ರೇಮಕಥೇಲಿ ಕಾನೂನು ಹುಡುಕ್ತೀಯಲ್ಲೇ' ಎಂದು ಗೆಳತಿಯರು ನಕ್ಕರು. ಈ ಬಗೆಯ ಪುಸ್ತಕಗಳನ್ನೇ ಬಿಟ್ಟುಬಿಡಲೇ? ಇಲ್ಲವಾದರೆ ಮುಂದೇನು ಓದಲಿ?"

ಮಾನ್ಯರೇ,

ಬಿಡಬೇಡಿ. ನಿಮ್ಮ ಬೇಸರ ಸರಿಯಾದದ್ದು. ಗೆಳತಿಯರಿಗೆ ಹೇಳಿ, ನೀವು ಹುಡುಕಿದ್ದು ಕಾನೂನನ್ನಲ್ಲ, ಕಥೆಯನ್ನೇ.

ಮೂರನೇ ಜಾರ್ಜ್ ದೊರೆಯ ಮನಸ್ಸು ಕೆಟ್ಟು, ಮಗ ಅವನ ಪರವಾಗಿ ರೀಜೆಂಟ್ ಆಗಿ ಆಳಿದ್ದು 1811ರಿಂದ 1820ರವರೆಗೆ. ಆ ಕಾಲದ ಇಂಗ್ಲೆಂಡಿನಲ್ಲಿ ಮದುವೆಗಳು ನಡೆಯುತ್ತಿದ್ದುದು 1753ರ ಕಾಯ್ದೆಯ ಪ್ರಕಾರ. 21 ತುಂಬದ ಹುಡುಗಿ ಲೈಸೆನ್ಸ್ ಪಡೆದು ಮದುವೆಯಾಗಲು ತಂದೆಯ ಒಪ್ಪಿಗೆ ಬೇಕು. ಲೈಸೆನ್ಸ್ ಬೇಡವೆಂದರೆ ಮೂರು ಭಾನುವಾರ ಚರ್ಚಿನಲ್ಲಿ ಇಬ್ಬರ ಹೆಸರನ್ನೂ ಕೂಗಿ ಹೇಳಬೇಕು. ತಂದೆ ಎದ್ದು ನಿಂತು ಬೇಡ ಎಂದರೆ ಅಲ್ಲಿಗೆ ಮುಗಿಯಿತು. ಉಳಿದ ದಾರಿ ಆ ಕಾಯ್ದೆ ನಡೆಯದ ಸ್ಕಾಟ್ಲೆಂಡ್. ಗಡಿಯ ಗ್ರೆಟ್ನಾ ಗ್ರೀನ್ ಹಳ್ಳಿಗೆ ಲಂಡನ್ನಿನಿಂದ 300 ಮೈಲಿಗೂ ಹೆಚ್ಚು, ಕುದುರೆಗಾಡಿಯ ಪಯಣ. ಬೆನ್ನ ಹಿಂದೆ ಅಪ್ಪನ ಗಾಡಿ, ಮುಂದೆ ಹೋಗಿಬಿಟ್ಟ ಮಾನ: ಇಷ್ಟನ್ನು ದಾಟಿಕೊಂಡು ಬಂದ ಹುಡುಗಿಯ ಪ್ರೀತಿ ಎಷ್ಟೆಂದು ಓದುಗರಿಗೆ ಯಾರೂ ವಿವರಿಸಬೇಕಾಗಿಲ್ಲ. ಜೇನ್ ಆಸ್ಟಿನ್ 1813ರಲ್ಲಿ ಪ್ರಕಟಿಸಿದ 'ಪ್ರೈಡ್ ಅಂಡ್ ಪ್ರೆಜುಡಿಸ್' ಕಾದಂಬರಿಯಲ್ಲಿ ನಾಯಕಿಯ ತಂಗಿ ಲಿಡಿಯಾ ಓಡಿಹೋಗುತ್ತಾಳಲ್ಲ, ಆ ಜೋಡಿ ಸ್ಕಾಟ್ಲೆಂಡಿಗೆ ಹೋಗಲೇ ಇಲ್ಲ, ಅಂದರೆ ಮದುವೆಯೇ ಆಗಿಲ್ಲ ಎಂದು ತಿಳಿದಾಗಲೇ ಮನೆಯವರಿಗೆ ನಿಜವಾದ ದಿಗಿಲು ಹತ್ತುವುದು. ನೀವು ಓದಿದ ಪುಸ್ತಕ ಈ ಅಡ್ಡಿಯನ್ನೇ ತೆಗೆದುಹಾಕಿದೆ. ಅಡ್ಡಿ ಹೋದ ಮೇಲೆ ನಾಯಕಿಯ ಧೈರ್ಯಕ್ಕೆ ಬೆಲೆ ಎಲ್ಲಿಂದ ಬರಬೇಕು?

ಡೈವೋರ್ಸಿನ ಮಾತು ಇನ್ನೂ ಕೆಟ್ಟದ್ದು. ಮತ್ತೆ ಮದುವೆಯಾಗಲು ಬಿಡುವಂಥ ವಿಚ್ಛೇದನಕ್ಕೆ ಆಗ ಪಾರ್ಲಿಮೆಂಟಿನಲ್ಲಿ ಪ್ರತ್ಯೇಕ ಕಾಯ್ದೆಯೇ ಆಗಬೇಕಿತ್ತು. 1857ರಲ್ಲಿ ಕಾನೂನು ಬದಲಾಗುವವರೆಗೆ ಆ ದಾರಿಯಲ್ಲಿ ಬಿಡುಗಡೆ ಪಡೆದ ಹೆಂಗಸರು ಒಟ್ಟು 4 ಮಂದಿ. ತಪ್ಪಾದ ಗಂಡನನ್ನು ಆರಿಸಿಕೊಂಡರೆ ಬದುಕೇ ಮುಗಿದಂತೆ ಎಂಬ ಭಯ ಆ ಕಾಲದ ಪ್ರತಿಯೊಂದು ನೃತ್ಯಕೂಟದಲ್ಲೂ ಇತ್ತು. ಆ ಭಯವಿಲ್ಲದ ಪ್ರಣಯದಲ್ಲಿ ಉಳಿಯುವುದು ಗೌನು, ದೀಪ, ಸಂಗೀತ.

ಸುಖಾಂತದ ಬಗ್ಗೆ ಮಾತ್ರ ನಿಮ್ಮೊಡನೆ ನನ್ನ ಜಗಳವಿದೆ. ಅದು ಈ ಪ್ರಕಾರ ಓದುಗರಿಗೆ ಕೊಟ್ಟ ಮಾತು, ಅದನ್ನು ದೂರಬಾರದು. ದೂರಬೇಕಾದ್ದು, ಬೆವರು ಹರಿಸದೆ ಅಲ್ಲಿಗೆ ತಲುಪಿದ್ದನ್ನು.

ಇಂಥ ಕಾದಂಬರಿಗಳಲ್ಲಿ ಬ್ರಿಟಿಷ್ ಸೇನಾಪತಿ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆಗಾಗ ಅತಿಥಿಯಾಗಿ ಬರುತ್ತಾನೆ. ಅವನ ಸ್ವಂತ ಕಥೆಯನ್ನೇ ನೋಡಿ. ಅವನಿನ್ನೂ ಬರೀ ಆರ್ಥರ್ ವೆಲ್ಲೆಸ್ಲಿಯಾಗಿದ್ದಾಗ ಐರ್ಲೆಂಡಿನ ಕಿಟ್ಟಿ ಪೇಕನ್‌ಹ್ಯಾಮಳನ್ನು ಕೇಳಿದ್ದ. ಕಾಸಿಲ್ಲದ ಅಧಿಕಾರಿಗೆ ಹೆಣ್ಣು ಕೊಡುವುದಿಲ್ಲ ಎಂದ ಅವಳ ತಮ್ಮ. ಇವನು ಭಾರತಕ್ಕೆ ಬಂದ. 1799ರಲ್ಲಿ ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣದ ಅಧಿಕಾರ ಇವನ ಕೈಗೆ ಬಂತು, ಅಲ್ಲಿನ ಕೊಳ್ಳೆಯ ಪಾಲೂ ಬಂತು. 1805ರಲ್ಲಿ ಹಣ, ಪದವಿ ಎರಡನ್ನೂ ಗಳಿಸಿ ಹಿಂದಿರುಗಿದವನು, ಅವಳ ಮುಖವನ್ನೂ ನೋಡದೆ ಕಾಗದದಲ್ಲೇ ಮತ್ತೆ ಕೇಳಿದ. 1806ರಲ್ಲಿ ಡಬ್ಲಿನ್ನಿನಲ್ಲಿ ಮದುವೆಯಾಯಿತು. ಸಂಸಾರ ಸುಖದ್ದಾಗಲಿಲ್ಲ. ನಮ್ಮ ನೆಲದಿಂದ ಹೊತ್ತೊಯ್ದ ದುಡ್ಡು ಅಲ್ಲೊಬ್ಬಳ ಮದುವೆಯನ್ನು ಕೂಡಿಸಿತು ಎಂಬುದನ್ನು ನೆನೆದಾಗ, ಆ ಬಾಲ್‌ರೂಮುಗಳ ಹೊಳಪು ನನಗೆ ಮೊದಲಿನಂತೆ ಕಾಣುವುದಿಲ್ಲ. ನಿಮ್ಮ ಪುಸ್ತಕದ ಡ್ಯೂಕನಿಗೆ ಹಣ ಎಲ್ಲಿಂದ ಬಂತೆಂಬುದನ್ನು ಲೇಖಕರು ಒಂದು ಸಾಲಿನಲ್ಲೂ ಹೇಳಿಲ್ಲ ಎಂದು ಬರೆದಿದ್ದೀರಿ. ಪತ್ರದಲ್ಲಿ ನನಗೆ ತುಂಬ ಹಿಡಿಸಿದ ಮಾತು ಅದು.

ಮುಂದೇನು ಓದಲಿ ಎಂದಿದ್ದೀರಿ. ಆಸ್ಟಿನ್ ತೀರಿಕೊಂಡ ಮೇಲೆ, 1817ರ ಡಿಸೆಂಬರಿನಲ್ಲಿ ಹೊರಬಂದ 'ಪರ್ಸುಯೇಷನ್' ಓದಿ. ಆಸ್ತಿಯಿಲ್ಲವೆಂದು ಬೇರೆಯವರ ಮಾತು ಕೇಳಿ ನಾಯಕಿ ಆನ್ ಎಲಿಯಟ್ ಬಿಟ್ಟುಕೊಟ್ಟ ನೌಕಾಧಿಕಾರಿ, ಶತ್ರುಹಡಗುಗಳನ್ನು ಹಿಡಿದ ಹಣದೊಂದಿಗೆ ಎಂಟು ವರ್ಷಗಳ ನಂತರ ಮರಳುತ್ತಾನೆ. ಅವಳಿಗೆ ಆಗ 27. ಅದೂ ಸುಖಾಂತವೇ. ಓದಿದ ಮೇಲೆ, ನಮ್ಮ ಜಗಳ ತೀರಿತೋ ಇಲ್ಲವೋ ಬರೆಯಿರಿ.

— ಸಂಪಾದಕ