ಉತ್ತರ ಗೊತ್ತಿದ್ದರೂ ತರಗತಿಯ ಚರ್ಚೆಯಲ್ಲಿ ಮಾತು ಹೊರಡುವುದಿಲ್ಲ, ಏನು ಮಾಡಲಿ?

ಸಕಲೇಶಪುರದ ಕನ್ನಡ ಮಾಧ್ಯಮ ಶಾಲೆಯಲ್ಲಿ ಓದಿ ಹಾಸನದ ಪದವಿ ಕಾಲೇಜಿಗೆ ಸೇರಿರುವ ನಿಮಗೆ ಚರ್ಚೆಯ ಹೊತ್ತಿನಲ್ಲಿ ಬಾಯಿ ಕಟ್ಟಿದಂತಾಗುವುದಕ್ಕೆ ಮುಖ್ಯ ಕಾರಣ, ಯೋಚಿಸಲು ಸಿಗುವ ಸಮಯ ತೀರಾ ಕಡಿಮೆ ಎಂಬುದೇ ಇರಬಹುದು. ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣಗಳನ್ನು ಪರಿಶೀಲಿಸಿ, ಶಿಕ್ಷಕರು ಪ್ರಶ್ನೆ ಕೇಳಿದ ಬಳಿಕ ಸಾಮಾನ್ಯವಾಗಿ 1 ಸೆಕೆಂಡಿನಷ್ಟೇ ಕಾಯುತ್ತಾರೆಂದೂ, ಅದನ್ನು 3 ಸೆಕೆಂಡಿಗೆ ಹೆಚ್ಚಿಸಿದರೆ ಉತ್ತರಗಳು ದೀರ್ಘವಾಗುವುದಲ್ಲದೆ ಹೆಚ್ಚು ವಿದ್ಯಾರ್ಥಿಗಳು ತಾವಾಗಿ ಮಾತನಾಡುತ್ತಾರೆಂದೂ ತೋರಿಸಿದರು. ಆ ಸಮಯವನ್ನು ನೀವು ಹಿಂದಿನ ರಾತ್ರಿಯೇ ಗಳಿಸಿಕೊಳ್ಳಬಹುದು: ಮಾರನೆಯ ದಿನದ ಪಾಠವನ್ನು ಓದಿ, ನೋಟ್‌ಬುಕ್ಕಿನ ಅಂಚಿನಲ್ಲಿ ಒಂದೇ ಒಂದು ಪ್ರಶ್ನೆ ಬರೆದಿಡಿ. ಅರ್ಥಶಾಸ್ತ್ರದಲ್ಲಿ ಬೆಲೆ ನಿರ್ಧಾರದ ಪಾಠವಿದ್ದರೆ, "ಸರ್, ನಮ್ಮೂರಿನ ಬೆಳೆಗಾರರು ರೋಬಸ್ಟಾ ಕಾಫಿ ಮಾರುವಾಗ ಲಂಡನ್ ಮಾರುಕಟ್ಟೆಯ ದರವನ್ನೇಕೆ ನೋಡುತ್ತಾರೆ?" ಎಂದರೆ ಸಾಕು, ಇಡೀ ತರಗತಿ ಚರ್ಚೆಗೆ ಇಳಿಯುತ್ತದೆ. ಆದಷ್ಟು ಆರಂಭದಲ್ಲೇ ಮಾತನಾಡಿ. ತಡವಾದರೆ ನಿಮ್ಮ ಮಾತನ್ನು ಬೇರೆಯವರು ಹೇಳಿಬಿಟ್ಟಿರುತ್ತಾರೆ, ಅಳುಕೂ ಬೆಳೆದಿರುತ್ತದೆ. ಯೋಚನೆ ಸ್ಪಷ್ಟವಾಗಿದ್ದರೆ ಒಳ್ಳೆಯ ಅಧ್ಯಾಪಕರು ಭಾಷೆಯ ತೊಡಕನ್ನು ದೊಡ್ಡದು ಮಾಡುವುದಿಲ್ಲವೆಂಬುದು ನನ್ನ ದೃಢ ನಂಬಿಕೆ, ಆದ್ದರಿಂದ ಇಂಗ್ಲಿಷ್ ಕಷ್ಟವಾದಾಗ ಅನುಮತಿ ಕೇಳಿ ಕನ್ನಡದಲ್ಲೇ ಹೇಳಿ, ಪಾರಿಭಾಷಿಕ ಪದಗಳನ್ನಷ್ಟೇ ಇಂಗ್ಲಿಷಿನಲ್ಲಿ ಬಳಸಿ.